ಓಪನ್ ಎನ್‌ರೋಲ್‌ಮೆಂಟ್: ಸುಮ್ಮನಿರುವುದೂ ಒಂದು ಆಯ್ಕೆಯೇ

ದಸರೆ ಮುಗಿದು ದೀಪಾವಳಿ ಹತ್ತಿರವಾಗುವ ಹೊತ್ತಿಗೆ ಅಮೆರಿಕದಲ್ಲಿ ಕೆಲಸ ಮಾಡುವ ಕನ್ನಡಿಗರಿಗೆ ಕಂಪನಿಯ ಎಚ್‌ಆರ್ ವಿಭಾಗದಿಂದ ಒಂದು ಇಮೇಲ್ ಬರುತ್ತದೆ. ಓಪನ್ ಎನ್‌ರೋಲ್‌ಮೆಂಟ್ ಶುರುವಾಗಿದೆ, ಇಂಥ ತಾರೀಖಿನೊಳಗೆ ಮುಂದಿನ ವರ್ಷದ ಸವಲತ್ತುಗಳನ್ನು ಆರಿಸಿಕೊಳ್ಳಿ ಎಂಬುದು ಅದರ ಸಾರ. ಆರೋಗ್ಯ ವಿಮೆ, ಹಲ್ಲು ಮತ್ತು ಕಣ್ಣಿನ ವಿಮೆ, ಜೀವವಿಮೆ, ಅಂಗವೈಕಲ್ಯ ವಿಮೆ, ತೆರಿಗೆ ಉಳಿಸುವ ಖಾತೆಗಳು ಎಲ್ಲವೂ ಇದರಲ್ಲಿ ಸೇರಿವೆ. ಹೆಚ್ಚಿನ ಕಂಪನಿಗಳಲ್ಲಿ ಅಕ್ಟೋಬರ್–ನವೆಂಬರ್‌ನಲ್ಲಿ ಎರಡು ಮೂರು ವಾರ ಈ ಬಾಗಿಲು ತೆರೆದಿರುತ್ತದೆ. ಆಗ ಆರಿಸಿಕೊಂಡದ್ದು ಜನವರಿ 1ರಿಂದ ಜಾರಿಗೆ ಬರುತ್ತದೆ.

ಒಂದು ಕುಟುಂಬದ ಇಡೀ ವರ್ಷದ ಆಸ್ಪತ್ರೆ ಖರ್ಚು, ತೆರಿಗೆಯ ಒಂದು ಪಾಲು, ಮನೆಯ ಆಧಾರವಾದವರಿಗೆ ಏನಾದರೂ ಆದರೆ ಉಳಿದವರ ಬದುಕು ಇವೆಲ್ಲ ನಿಂತಿರುವುದು ಈ ಆಯ್ಕೆಯ ಮೇಲೆ. ಆದರೂ ಊಟದ ವಿರಾಮದಲ್ಲಿ ನಾಲ್ಕು ಗುಂಡಿ ಒತ್ತಿ ಮುಗಿಸುವವರೇ ಹೆಚ್ಚು. ಕೆಲವು ತಪ್ಪು ತಿಳಿವಳಿಕೆಗಳು ಬೆಂಗಳೂರಿನ ಕಂಪನಿಗಳ ಅಭ್ಯಾಸದಿಂದ ಬಂದವು, ಇನ್ನು ಕೆಲವು ಸಹೋದ್ಯೋಗಿಗಳ ಬಾಯಿಮಾತಿನಿಂದ. ಅವನ್ನು ಒಂದೊಂದಾಗಿ ನೋಡೋಣ. ಎಲ್ಲದರ ಬುಡದಲ್ಲಿರುವ ವಿಷಯ ಒಂದೇ: ನಿಮ್ಮ ಮನೆಯಲ್ಲಿ ಆದ ಬದಲಾವಣೆ ಕಂಪನಿಗೆ ತಾನಾಗಿ ತಿಳಿಯುವುದಿಲ್ಲ. ಫಾರಂನಲ್ಲಿ ನೀವು ಬರೆದದ್ದಷ್ಟೇ ಅದಕ್ಕೆ ಗೊತ್ತು.

ತಪ್ಪು ಕಲ್ಪನೆ 1: ಏನೂ ಮಾಡದಿದ್ದರೆ ಕಳೆದ ವರ್ಷದ್ದೇ ಮುಂದುವರಿಯುತ್ತದೆ.

ವಾಸ್ತವ: ಕೆಲವು ಮುಂದುವರಿಯುತ್ತವೆ, ಕೆಲವು ಇಲ್ಲ. ಹಲವು ಕಂಪನಿಗಳಲ್ಲಿ ಆರೋಗ್ಯ ವಿಮೆ ತಾನಾಗಿ ನವೀಕರಣವಾಗುತ್ತದೆ. ಕೆಲವು ಕಂಪನಿಗಳು ಮಾತ್ರ ಪ್ರತಿ ವರ್ಷ ಎಲ್ಲರೂ ಹೊಸದಾಗಿ ಆರಿಸಲೇಬೇಕು ಎನ್ನುತ್ತವೆ. ಅಂಥ ಕಡೆ ಸುಮ್ಮನಿದ್ದವರು ಯಾವುದೋ ಕನಿಷ್ಠ ಪ್ಲಾನ್‌ಗೆ ಬೀಳಬಹುದು, ವಿಮೆಯೇ ಇಲ್ಲದೆ ಉಳಿಯಲೂಬಹುದು. ವೈದ್ಯಕೀಯ ಖರ್ಚಿಗೆಂದು ಸಂಬಳದಿಂದ ತೆಗೆದಿಡುವ ಎಫ್‌ಎಸ್‌ಎ ಖಾತೆಯ ಮೊತ್ತವನ್ನಂತೂ ಸಾಮಾನ್ಯವಾಗಿ ಪ್ರತಿ ವರ್ಷ ಹೊಸದಾಗಿ ಬರೆಯಬೇಕು. ಬರೆಯದಿದ್ದರೆ ಅದು ಸೊನ್ನೆ.

ಪ್ಲಾನ್ ಮುಂದುವರಿದರೂ ಅದರ ಒಳಗಿನದು ಹಾಗೆಯೇ ಇರುತ್ತದೆ ಎನ್ನುವಂತಿಲ್ಲ. ಹೆಸರು ಅದೇ ಇದ್ದು ಪ್ರೀಮಿಯಂ ಏರಿರಬಹುದು. ನೀವು ಹೋಗುವ ಡಾಕ್ಟರು ನೆಟ್‌ವರ್ಕ್‌ನಿಂದ ಹೊರಗೆ ಹೋಗಿರಬಹುದು. ದಿನಾ ನುಂಗುವ ಬಿಪಿ ಮಾತ್ರೆ ದುಬಾರಿ ದರ್ಜೆಗೆ ಸರಿದಿರಬಹುದು. ನೆಟ್‌ವರ್ಕ್ ಪಟ್ಟಿಯಲ್ಲಿ ಡಾಕ್ಟರ ಹೆಸರನ್ನೂ ಔಷಧ ಪಟ್ಟಿಯಲ್ಲಿ ಮಾತ್ರೆಯ ಹೆಸರನ್ನೂ ಹುಡುಕಿ ನೋಡಲು ಹತ್ತು ನಿಮಿಷ ಸಾಕು.

ತಪ್ಪು ಕಲ್ಪನೆ 2: ತಪ್ಪಾದರೆ ಆಮೇಲೆ ಬದಲಿಸಿದರಾಯಿತು.

ವಾಸ್ತವ: ಸಂಬಳದಿಂದ ತೆರಿಗೆಗೆ ಮೊದಲೇ ಕಡಿತವಾಗುವ ಈ ಸವಲತ್ತುಗಳು ಅಮೆರಿಕದ ತೆರಿಗೆ ಸಂಹಿತೆಯ 125ನೇ ಸೆಕ್ಷನ್‌ಗೆ ಒಳಪಟ್ಟಿವೆ. ಅದರ ಪ್ರಕಾರ ಒಮ್ಮೆ ಮಾಡಿದ ಆಯ್ಕೆ ಇಡೀ ಪ್ಲಾನ್ ವರ್ಷಕ್ಕೆ ಗಟ್ಟಿ. ಮದುವೆ, ಮಗುವಿನ ಜನನ ಅಥವಾ ದತ್ತು, ವಿಚ್ಛೇದನ, ಸಂಗಾತಿಯ ಕೆಲಸ ಹೋಗಿ ಅವರ ವಿಮೆ ನಿಲ್ಲುವುದು ಮುಂತಾದ ಘಟನೆಗಳಾದರೆ ಮಾತ್ರ ನಡುವೆ ಬದಲಿಸಬಹುದು. ಅದಕ್ಕೂ ಗಡುವಿದೆ: ಕಾನೂನು ಕೊಡುವ ಕನಿಷ್ಠ ಅವಧಿ 30 ದಿನ. ಹೆಚ್ಚು ದಿನ ಕೊಡುವ ಕಂಪನಿಗಳೂ ಇವೆ, ಆದರೆ ಅದನ್ನು ಮೊದಲೇ ಕೇಳಿ ತಿಳಿದಿರಬೇಕು.

ನಮ್ಮವರು ಹೆಚ್ಚಾಗಿ ಎಡವುವುದು ಎರಡು ಕಡೆ. ಮಗು ಹುಟ್ಟಿದಾಗ ಆಸ್ಪತ್ರೆಯವರೇ ವಿಮೆಗೆ ಸೇರಿಸುತ್ತಾರೆ ಎಂದುಕೊಳ್ಳುವುದು ಒಂದು. ಆಸ್ಪತ್ರೆಯವರು ಬಿಲ್ ಕಳಿಸುತ್ತಾರೆ, ಮಗುವನ್ನು ಪ್ಲಾನ್‌ಗೆ ಸೇರಿಸಬೇಕಾದವರು ನೀವು. ಗಡುವಿನೊಳಗೆ ಸೇರಿಸಿದರೆ ರಕ್ಷಣೆ ಹುಟ್ಟಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಬರಲಿ ಎಂದು ಕಾಯುತ್ತಾ ಕೂತರೆ ಗಡುವು ದಾಟಿಹೋಗುತ್ತದೆ. ಸಂಖ್ಯೆಯನ್ನು ಆಮೇಲೆ ಸೇರಿಸಬಹುದು.

ಇನ್ನೊಂದು, ಊರಿನಲ್ಲಿ ನಡೆಯುವ ಮದುವೆ. ಡಿಸೆಂಬರ್‌ನಲ್ಲಿ ಮೈಸೂರಿನಲ್ಲಿ ತಾಳಿ ಕಟ್ಟಿ, ಹೆಂಡತಿಯ ವೀಸಾ ಕೈಗೆ ಬರುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಆದರೆ ಸಾಮಾನ್ಯವಾಗಿ ದಿನಗಳ ಲೆಕ್ಕ ಶುರುವಾಗುವುದು ಮದುವೆಯ ದಿನದಿಂದ, ಆಕೆ ವಿಮಾನ ಇಳಿದ ದಿನದಿಂದಲ್ಲ. ಅಮೆರಿಕಕ್ಕೆ ಬಂದ ದಿನವನ್ನು ಪರಿಗಣಿಸುವ ಕಂಪನಿಗಳೂ ಇವೆ. ನಿಮ್ಮ ಕಂಪನಿಯದು ಯಾವ ಬಗೆ ಎಂಬುದನ್ನು ಮದುವೆಗೆ ಹೊರಡುವ ಮುನ್ನವೇ ಎಚ್‌ಆರ್‌ಗೆ ಬರೆದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಹಾಗೆಂದು ಎಲ್ಲಕ್ಕೂ ಬೀಗ ಬೀಳುವುದಿಲ್ಲ. ನಿವೃತ್ತಿ ಉಳಿತಾಯದ 401(ಕೆ) ಖಾತೆಗೆ ಕಟ್ಟುವ ಮೊತ್ತ ಓಪನ್ ಎನ್‌ರೋಲ್‌ಮೆಂಟ್‌ಗೆ ಅಂಟಿಕೊಂಡಿಲ್ಲ, ವರ್ಷದ ನಡುವೆಯೂ ಬದಲಿಸಬಹುದು. ಎಚ್‌ಎಸ್‌ಎ ಖಾತೆಗೆ (ಇದೂ ವೈದ್ಯಕೀಯ ಖರ್ಚಿನ ಉಳಿತಾಯ ಖಾತೆ, ವಿವರ ಮುಂದಿದೆ) ಹಾಕುವ ಮೊತ್ತವೂ ಹಾಗೆಯೇ.

ತಪ್ಪು ಕಲ್ಪನೆ 3: ಹೆಚ್ಚು ಪ್ರೀಮಿಯಂ ಕೊಟ್ಟರೆ ಹೆಚ್ಚು ರಕ್ಷಣೆ.

ವಾಸ್ತವ: ಈ ಒಂದು ನಂಬಿಕೆಯಿಂದ ಪ್ರತಿ ವರ್ಷ ಎಷ್ಟೋ ಮನೆಗಳ ಹಣ ಪೋಲಾಗುತ್ತದೆ. ಆರೋಗ್ಯ ವಿಮೆಯ ಖರ್ಚಿಗೆ ನಾಲ್ಕು ಭಾಗಗಳಿವೆ. ಪ್ರತಿ ಸಂಬಳದಲ್ಲಿ ಕಡಿತವಾಗುವ ಪ್ರೀಮಿಯಂ ಮೊದಲನೆಯದು. ವಿಮೆ ಕೊಡಲು ಶುರು ಮಾಡುವ ಮುನ್ನ ನೀವು ಕೈಯಿಂದ ಕೊಡಬೇಕಾದ ಡಿಡಕ್ಟಿಬಲ್ ಎರಡನೆಯದು. ಅದು ಮುಗಿದ ಮೇಲೆ ಪ್ರತಿ ಬಿಲ್‌ನಲ್ಲಿ ನಿಮ್ಮ ಪಾಲಿಗೆ ಬರುವ ಶೇಕಡಾವಾರು ಮೊತ್ತ ಮೂರನೆಯದು. ನೆಟ್‌ವರ್ಕ್ ಒಳಗಿನ ಚಿಕಿತ್ಸೆಗೆ ವರ್ಷದಲ್ಲಿ ಇದಕ್ಕಿಂತ ಹೆಚ್ಚು ಕೊಡಬೇಕಿಲ್ಲ ಎಂಬ ಗರಿಷ್ಠ ಮಿತಿ ನಾಲ್ಕನೆಯದು. ನಾಲ್ಕನ್ನೂ ಒಟ್ಟಿಗೆ ನೋಡದೆ ಒಂದನ್ನೇ ನೋಡಿದರೆ ಲೆಕ್ಕ ತಪ್ಪುತ್ತದೆ.

ಒಂದು ಉದಾಹರಣೆ ಹಾಕಿಕೊಳ್ಳೋಣ. ಕುಟುಂಬಕ್ಕೆ ಎರಡು ಪ್ಲಾನ್‌ಗಳಿವೆ. ಮೊದಲನೆಯದರ ಪ್ರೀಮಿಯಂ ತಿಂಗಳಿಗೆ 600 ಡಾಲರ್, ಡಿಡಕ್ಟಿಬಲ್ 1,000, ಗರಿಷ್ಠ ಮಿತಿ 6,000. ಎರಡನೆಯದರ ಪ್ರೀಮಿಯಂ 300 ಡಾಲರ್, ಡಿಡಕ್ಟಿಬಲ್ 3,400, ಗರಿಷ್ಠ ಮಿತಿ 9,000; ಜೊತೆಗೆ ಕಂಪನಿ ನಿಮ್ಮ ಎಚ್‌ಎಸ್‌ಎ ಖಾತೆಗೆ 1,500 ಡಾಲರ್ ಹಾಕುತ್ತದೆ. ವರ್ಷದ ವೈದ್ಯಕೀಯ ಬಿಲ್ ಬರೀ 1,000 ಡಾಲರ್ ಆದರೆ ಮೊದಲ ಪ್ಲಾನ್‌ನಲ್ಲಿ ಒಟ್ಟು ಖರ್ಚು 8,200, ಎರಡನೆಯದರಲ್ಲಿ 3,100. ಸರಿ, ಯಾರಿಗಾದರೂ ದೊಡ್ಡ ಕಾಯಿಲೆಯೇ ಬಂತು, ಗರಿಷ್ಠ ಮಿತಿ ಮುಟ್ಟಿತು ಎನ್ನೋಣ. ಆಗ ಮೊದಲನೆಯದರಲ್ಲಿ 13,200, ಎರಡನೆಯದರಲ್ಲಿ 11,100. ಅಂದರೆ ಒಳ್ಳೆಯ ವರ್ಷದಲ್ಲೂ ಕೆಟ್ಟ ವರ್ಷದಲ್ಲೂ ‘ಅಗ್ಗದ’ ಪ್ಲಾನೇ ಮೇಲು.

ಇದು ಬರೀ ಕಾಗದದ ಲೆಕ್ಕವಲ್ಲ. ಸೌರಭ್ ಭಾರ್ಗವ, ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಜಸ್ಟಿನ್ ಸಿಡ್ನರ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ ಒಂದು ದೊಡ್ಡ ಕಂಪನಿಯ ನೌಕರರ ಆಯ್ಕೆಗಳನ್ನು ಪರಿಶೀಲಿಸಿದರು. ಯಾವ ಸಂದರ್ಭದಲ್ಲೂ ಲಾಭವಾಗದ ಪ್ಲಾನ್‌ಗಳನ್ನೇ ಬಹುಪಾಲು ಜನ ಆರಿಸಿಕೊಂಡಿದ್ದರು. ಡಿಡಕ್ಟಿಬಲ್ ಕಡಿಮೆ ಮಾಡಿಕೊಳ್ಳಲು ಅವರು ಹೆಚ್ಚುವರಿಯಾಗಿ ಕೊಟ್ಟ ಪ್ರೀಮಿಯಂ, ಆ ಡಿಡಕ್ಟಿಬಲ್‌ನಲ್ಲಿ ಉಳಿಯಬಹುದಾದ ಪೂರ್ತಿ ಹಣಕ್ಕಿಂತಲೂ ಜಾಸ್ತಿಯಿತ್ತು.

ಎಲ್ಲರಿಗೂ ಹೆಚ್ಚು ಡಿಡಕ್ಟಿಬಲ್ ಪ್ಲಾನೇ ಸರಿ ಎಂದು ಇದರ ಅರ್ಥವಲ್ಲ. ನಿಮ್ಮ ಕಂಪನಿಯ ಅಂಕಿಗಳು ಉಲ್ಟಾ ಇರಬಹುದು. ಜನವರಿಯಲ್ಲೇ ಆಪರೇಷನ್ ಆದರೆ 3,400 ಡಾಲರ್ ಒಮ್ಮೆಲೇ ಕೊಡುವಷ್ಟು ಉಳಿತಾಯ ಇಲ್ಲದ ಮನೆಗೆ ಅದು ಕಷ್ಟವೂ ಹೌದು. ಒಳ್ಳೆಯ ವರ್ಷ, ಕೆಟ್ಟ ವರ್ಷ ಎರಡಕ್ಕೂ ಮೇಲಿನಂತೆ ಕೂಡಿಸಿ ಕಳೆದು ನೋಡಿದ ಮೇಲೆ ಆರಿಸಿ ಎನ್ನುವುದಷ್ಟೇ ನನ್ನ ಮಾತು. ಇನ್ನೊಂದು ವಿಷಯವೂ ತಿಳಿದಿರಲಿ: ವಾರ್ಷಿಕ ತಪಾಸಣೆ, ಮಕ್ಕಳ ಲಸಿಕೆಯಂಥ ತಡೆಗಟ್ಟುವ ಆರೈಕೆಗೆ ನೆಟ್‌ವರ್ಕ್ ಒಳಗೆ ಡಿಡಕ್ಟಿಬಲ್ ಅನ್ವಯಿಸುವುದಿಲ್ಲ. ದುಡ್ಡು ಹೋಗುತ್ತದೆಂದು ಅದನ್ನು ತಪ್ಪಿಸಬೇಡಿ.

ತಪ್ಪು ಕಲ್ಪನೆ 4: ಎಚ್‌ಎಸ್‌ಎ, ಎಫ್‌ಎಸ್‌ಎ ಎರಡೂ ಒಂದೇ.

ವಾಸ್ತವ: ಎರಡರಲ್ಲೂ ತೆರಿಗೆ ಉಳಿಯುತ್ತದೆ. ಸಾಮ್ಯ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಎಫ್‌ಎಸ್‌ಎ ಹಣವನ್ನು ಆ ವರ್ಷದೊಳಗೆ ಖರ್ಚು ಮಾಡಬೇಕು. ಸ್ವಲ್ಪ ಮೊತ್ತವನ್ನು ಮುಂದಿನ ವರ್ಷಕ್ಕೆ ಒಯ್ಯಲು ಕೆಲವು ಕಂಪನಿಗಳು ಬಿಡುತ್ತವೆ, ಕೆಲವು ಎರಡೂವರೆ ತಿಂಗಳ ಹೆಚ್ಚುವರಿ ಕಾಲ ಕೊಡುತ್ತವೆ, ಕೆಲವು ಎರಡನ್ನೂ ಕೊಡುವುದಿಲ್ಲ. 2026ಕ್ಕೆ ಅದರ ಮಿತಿ 3,400 ಡಾಲರ್. ಅದರಲ್ಲಿ ಒಂದು ಅನುಕೂಲವೂ ಇದೆ: ವರ್ಷಕ್ಕೆ ಬರೆದ ಪೂರ್ತಿ ಮೊತ್ತ ಮೊದಲ ದಿನವೇ ಬಳಕೆಗೆ ಸಿಗುತ್ತದೆ.

ಎಚ್‌ಎಸ್‌ಎ ನಿಮ್ಮ ಸ್ವಂತ ಖಾತೆ. ಹಣ ಕರಗುವುದಿಲ್ಲ, ಕೆಲಸ ಬಿಟ್ಟರೂ ನಿಮ್ಮದೇ, ಊರಿಗೆ ಮರಳಿದರೂ ನಿಮ್ಮದೇ. ಹೆಚ್ಚು ಡಿಡಕ್ಟಿಬಲ್ ಇರುವ ಅರ್ಹ ಪ್ಲಾನ್ ಇದ್ದವರು ಮಾತ್ರ ಇದಕ್ಕೆ ಹಣ ಹಾಕಬಹುದು. 2026ರ ಮಿತಿ ಒಬ್ಬರಿಗೆ 4,400, ಕುಟುಂಬಕ್ಕೆ 8,750 ಡಾಲರ್, ಕಂಪನಿ ಹಾಕುವ ಹಣವೂ ಸೇರಿ.

ದಂಪತಿಗಳು ಇಲ್ಲಿ ಒಬ್ಬರನ್ನೊಬ್ಬರು ಕೇಳಿಕೊಳ್ಳಬೇಕು. ಗಂಡ ಎಚ್‌ಎಸ್‌ಎ ತೆಗೆದುಕೊಂಡು, ಹೆಂಡತಿ ತನ್ನ ಕಂಪನಿಯಲ್ಲಿ ಸಾಮಾನ್ಯ ಎಫ್‌ಎಸ್‌ಎ ಬರೆದರೆ ಗಂಡನ ಅರ್ಹತೆಯೇ ಹೋಗುತ್ತದೆ, ಏಕೆಂದರೆ ಆ ಎಫ್‌ಎಸ್‌ಎ ಅವನ ಖರ್ಚಿಗೂ ಬಳಕೆಯಾಗುತ್ತದೆ. ಕನ್ನಡಿಗರು ಹೆಚ್ಚಾಗಿರುವ ಕ್ಯಾಲಿಫೋರ್ನಿಯಾ ಮತ್ತು ನ್ಯೂಜೆರ್ಸಿಗಳಲ್ಲಿ ರಾಜ್ಯದ ತೆರಿಗೆಗೆ ಎಚ್‌ಎಸ್‌ಎ ವಿನಾಯಿತಿ ಇಲ್ಲ. ಅಲ್ಲಿ ಉಳಿಯುವುದು ಕೇಂದ್ರದ ತೆರಿಗೆ ಮಾತ್ರ.

ತಪ್ಪು ಕಲ್ಪನೆ 5: ಮಗು ಡೇಕೇರ್‌ಗೆ ಹೋಗುತ್ತದೆ, ಹಾಗಾಗಿ ಡಿಪೆಂಡೆಂಟ್ ಕೇರ್ ಖಾತೆ ತೆಗೆಯಬಹುದು.

ವಾಸ್ತವ: ಮಗುವನ್ನು ನೋಡಿಕೊಳ್ಳುವ ಖರ್ಚಿಗೆ ತೆರಿಗೆಗೆ ಮೊದಲೇ ಹಣ ತೆಗೆದಿಡುವ ಈ ಖಾತೆ ಇರುವುದು ತಂದೆ ತಾಯಿ ಕೆಲಸಕ್ಕೆ ಹೋಗಲಿ ಎಂದು. ಇಬ್ಬರೂ ದುಡಿಯುತ್ತಿರಬೇಕು, ಇಲ್ಲವೇ ಒಬ್ಬರು ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು ಅಥವಾ ತಮ್ಮನ್ನು ತಾವು ನೋಡಿಕೊಳ್ಳಲಾಗದ ಸ್ಥಿತಿಯಲ್ಲಿರಬೇಕು. ಎಚ್‌-4 ವೀಸಾದಲ್ಲಿದ್ದು ಕೆಲಸದ ಪರವಾನಗಿ ಇಲ್ಲದ ಸಂಗಾತಿಗೆ ಗಳಿಕೆಯಿಲ್ಲ, ಆದ್ದರಿಂದ ತೆರಿಗೆ ವಿನಾಯಿತಿಯೂ ಇಲ್ಲ. ಇದನ್ನು ತಿಳಿಯದೆ ಬರೆದವರಿಗೆ ಆ ಮೊತ್ತ ತೆರಿಗೆಗೆ ಒಳಪಡುವ ಆದಾಯವಾಗಿ ಹಿಂದಿರುಗುತ್ತದೆ. ಅರ್ಹತೆ ಇರುವವರಿಗೆ ಮಾತ್ರ ಒಳ್ಳೆಯ ಸುದ್ದಿ: ಬಹುಕಾಲ 5,000 ಡಾಲರ್‌ನಲ್ಲಿ ನಿಂತಿದ್ದ ಕುಟುಂಬದ ಮಿತಿ 2026ರಿಂದ 7,500ಕ್ಕೆ ಏರಿದೆ.

ತಪ್ಪು ಕಲ್ಪನೆ 6: ಅಪ್ಪ ಅಮ್ಮನನ್ನೂ ಕಂಪನಿಯ ವಿಮೆಗೆ ಸೇರಿಸಬಹುದು.

ವಾಸ್ತವ: ಬೆಂಗಳೂರಿನ ಅನೇಕ ಕಂಪನಿಗಳಲ್ಲಿ ಇದು ಸಾಧ್ಯ, ಹಾಗಾಗಿ ಅಮೆರಿಕದಲ್ಲೂ ಇರುತ್ತದೆ ಎಂದುಕೊಳ್ಳುವುದು ಸಹಜ. ಅಮೆರಿಕದ ಕಂಪನಿ ಪ್ಲಾನ್‌ಗಳು ಸಾಮಾನ್ಯವಾಗಿ ಸಂಗಾತಿ ಮತ್ತು ಮಕ್ಕಳಿಗೆ ಸೀಮಿತ. ಮಕ್ಕಳಿಗೆ 26 ವರ್ಷದವರೆಗೆ ಅವಕಾಶವಿದೆ. ಬೇರೆ ಊರಲ್ಲಿದ್ದರೂ, ಮದುವೆಯಾಗಿದ್ದರೂ ಅಡ್ಡಿಯಿಲ್ಲ. ಮೊಮ್ಮಗುವನ್ನು ನೋಡಲು ಬರುವ ತಂದೆ ತಾಯಿಗೆ ಪ್ರತ್ಯೇಕ ಸಂದರ್ಶಕರ ವಿಮೆ ಕೊಳ್ಳಬೇಕು. ಕೊಳ್ಳುವ ಮುನ್ನ ಹಳೆಯ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬ ಭಾಗವನ್ನು ಪೂರ್ತಿ ಓದಬೇಕು.

ಎಚ್‌ಎಸ್‌ಎ ಹಣದಿಂದ ಊರಿನಲ್ಲಿರುವ ತಂದೆಯ ಆಪರೇಷನ್‌ಗೆ ಕೊಡಬಹುದೇ ಎಂದು ಕೇಳುವವರಿದ್ದಾರೆ. ನೀವೇ ಊರಿಗೆ ಬಂದಾಗ ಮಾಡಿಸಿಕೊಂಡ ಹಲ್ಲಿನ ಚಿಕಿತ್ಸೆಗೆ ಬಳಸಬಹುದು. ಆದರೆ ಅಮೆರಿಕದ ಪ್ರಜೆಯೂ ನಿವಾಸಿಯೂ ಅಲ್ಲದೆ ಭಾರತದಲ್ಲಿರುವ ತಂದೆ ತಾಯಿ ಅಮೆರಿಕದ ತೆರಿಗೆ ನಿಯಮದ ಪ್ರಕಾರ ನಿಮ್ಮ ಅವಲಂಬಿತರಲ್ಲ. ಅವರಿಗಾಗಿ ತೆಗೆದ ಹಣಕ್ಕೆ ತೆರಿಗೆ ಬೀಳುತ್ತದೆ, 65 ವರ್ಷದೊಳಗಿನವರಿಗೆ ಅದರ ಮೇಲೆ 20% ದಂಡವೂ ಇದೆ.

ತಪ್ಪು ಕಲ್ಪನೆ 7: ಇಬ್ಬರ ಕಂಪನಿಯ ವಿಮೆಯಲ್ಲೂ ಮನೆಯವರೆಲ್ಲ ಇದ್ದರೆ ಇಮ್ಮಡಿ ಲಾಭ.

ವಾಸ್ತವ: ಪ್ರೀಮಿಯಂ ಇಮ್ಮಡಿಯಾಗುತ್ತದೆ, ಬಿಲ್ ಎರಡು ಸಲ ಪಾವತಿಯಾಗುವುದಿಲ್ಲ. ಮೊದಲು ಕೊಡುವ ವಿಮೆ ಯಾವುದು, ಉಳಿದದ್ದನ್ನು ನೋಡುವ ವಿಮೆ ಯಾವುದು ಎಂಬುದಕ್ಕೆ ನಿಯಮಗಳಿವೆ. ಮಕ್ಕಳ ವಿಷಯದಲ್ಲಿ, ವರ್ಷದ ಕ್ಯಾಲೆಂಡರ್‌ನಲ್ಲಿ ತಂದೆ ತಾಯಿ ಇಬ್ಬರಲ್ಲಿ ಯಾರ ಹುಟ್ಟಿದಹಬ್ಬ ಮೊದಲು ಬರುತ್ತದೋ ಅವರ ಪ್ಲಾನ್ ಮೊದಲು ಕೊಡುತ್ತದೆ. ಸಂಗಾತಿಗೆ ತನ್ನದೇ ಕಂಪನಿಯ ವಿಮೆ ಸಿಗುವಾಗಲೂ ಸೇರಿಸಿದರೆ ಹೆಚ್ಚುವರಿ ಶುಲ್ಕ ಹಾಕುವ ಕಂಪನಿಗಳೂ ಇವೆ. ಇಬ್ಬರ ಕಂಪನಿಯ ಕಾಗದಗಳನ್ನೂ ಪಕ್ಕಪಕ್ಕದಲ್ಲಿಟ್ಟು, ಒಂದೇ ಕುಟುಂಬ ಪ್ಲಾನ್ ಅಗ್ಗವೋ, ಬೇರೆ ಬೇರೆ ಅಗ್ಗವೋ ಎಂದು ನೋಡಿ.

ತಪ್ಪು ಕಲ್ಪನೆ 8: ನಾಮಿನಿ ಹೆಸರನ್ನು ಕೆಲಸಕ್ಕೆ ಸೇರುವಾಗಲೇ ಬರೆದಾಗಿದೆ.

ವಾಸ್ತವ: ಯಾರ ಹೆಸರು ಬರೆದಿರಿ, ಆಗ ಮನೆಯಲ್ಲಿ ಯಾರಿದ್ದರು, ಈಗ ಯಾರಿದ್ದಾರೆ?

ವಾಷಿಂಗ್ಟನ್ ರಾಜ್ಯದ ಡೇವಿಡ್ ಎಗೆಲ್‌ಹಾಫ್ ಬೋಯಿಂಗ್ ಕಂಪನಿಯ ನೌಕರರಾಗಿದ್ದರು. 1994ರಲ್ಲಿ ಅವರಿಗೆ ವಿಚ್ಛೇದನವಾಯಿತು. ಎರಡು ತಿಂಗಳು ಕಳೆದು ಸ್ವಲ್ಪದರಲ್ಲೇ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಕಂಪನಿಯ ಜೀವವಿಮೆಯಲ್ಲಿ ಇನ್ನೂ ಮಾಜಿ ಪತ್ನಿಯ ಹೆಸರೇ ಇತ್ತು. ವಿಚ್ಛೇದನವಾದರೆ ಅಂಥ ಹೆಸರು ತಾನಾಗಿ ರದ್ದು ಎಂದು ಆ ರಾಜ್ಯದ ಕಾನೂನು ಹೇಳುತ್ತಿತ್ತು. ಮೊದಲ ಮದುವೆಯ ಮಕ್ಕಳು ಅದನ್ನು ನಂಬಿ ಹೋರಾಡಿದರು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕಂಪನಿಯ ಸವಲತ್ತುಗಳಿಗೆ ಅನ್ವಯಿಸುವ ಕೇಂದ್ರ ಕಾನೂನಿನ ಮುಂದೆ ಆ ರಾಜ್ಯ ಕಾನೂನು ನಿಲ್ಲುವುದಿಲ್ಲ ಎಂದಿತು. ಮಕ್ಕಳು ಸೋತರು.

2009ರಲ್ಲಿ ಅದೇ ನ್ಯಾಯಾಲಯದ ಮುಂದೆ ಇನ್ನೊಂದು ಪ್ರಕರಣ ಬಂತು. ಡ್ಯುಪಾಂಟ್ ಕಂಪನಿಯ ನೌಕರ ವಿಲಿಯಂ ಕೆನಡಿಯವರ ಮಾಜಿ ಪತ್ನಿ, ವಿಚ್ಛೇದನದ ತೀರ್ಪಿನಲ್ಲೇ ಅವರ ಉಳಿತಾಯದ ಮೇಲಿನ ಹಕ್ಕನ್ನು ಬಿಟ್ಟುಕೊಟ್ಟಿದ್ದರು. ಆದರೆ ಕಂಪನಿಯ ಫಾರಂ ಬದಲಾಗಿರಲಿಲ್ಲ. ಸುಮಾರು 4 ಲಕ್ಷ ಡಾಲರ್ ಆಕೆಗೇ ಹೋಯಿತು, ಕೆನಡಿಯವರ ವಾರಸುದಾರರಿಗೆ ಬರಲಿಲ್ಲ. ಪ್ಲಾನ್‌ನ ದಾಖಲೆಯಲ್ಲಿ ಇದ್ದಂತೆ ಹಣ ಕೊಟ್ಟದ್ದು ಸರಿ ಎಂದು ನ್ಯಾಯಾಲಯ ಒಮ್ಮತದಿಂದ ಹೇಳಿತು.

ಈ ತೀರ್ಪುಗಳು ವಿಚ್ಛೇದನವಾದವರಿಗೆ ಮಾತ್ರ ಪಾಠ ಎಂದುಕೊಳ್ಳಬೇಡಿ. ಒಂಟಿಯಾಗಿ ಬಂದು ಕೆಲಸಕ್ಕೆ ಸೇರಿದ ಹುಡುಗ ಹಾಸನದಲ್ಲಿರುವ ತಾಯಿಯ ಹೆಸರನ್ನೋ, ಅಣ್ಣನ ಹೆಸರನ್ನೋ ಬರೆದಿರುತ್ತಾನೆ. ಆಮೇಲೆ ಮದುವೆ, ಮಕ್ಕಳು, ಮನೆ ಸಾಲ ಎಲ್ಲ ಬರುತ್ತವೆ. ಫಾರಂ ಹಾಗೇ ಉಳಿಯುತ್ತದೆ. 401(ಕೆ) ಖಾತೆಯಲ್ಲಿ ಮದುವೆಯಾದ ಮೇಲೆ ಸಂಗಾತಿಗೆ ಸಾಮಾನ್ಯವಾಗಿ ಕಾನೂನಿನ ರಕ್ಷಣೆ ಇದೆ: ಅವರು ಲಿಖಿತ ಒಪ್ಪಿಗೆ ಕೊಡದೆ ಬೇರೆಯವರಿಗೆ ಹೋಗುವುದಿಲ್ಲ. ಜೀವವಿಮೆಗೆ ಅಂಥ ರಕ್ಷಣೆ ಇಲ್ಲ, ಅಲ್ಲಿ ಫಾರಂನದ್ದೇ ಕೊನೆಯ ಮಾತು. ಉಯಿಲು ಬರೆದಿಟ್ಟಿದ್ದರೂ ಅದು ಈ ಫಾರಂ ಅನ್ನು ಮೀರುವುದಿಲ್ಲ.

ಜೀವವಿಮೆ, 401(ಕೆ), ಎಚ್‌ಎಸ್‌ಎ ಮೂರಕ್ಕೂ ಬೇರೆ ಬೇರೆ ಫಾರಂಗಳಿವೆ. ಒಂದರಲ್ಲಿ ಬದಲಿಸಿದರೆ ಉಳಿದೆರಡು ಬದಲಾಗವು. ಮೊದಲ ಹೆಸರಿನವರು ಇಲ್ಲದಿದ್ದರೆ ಯಾರು ಎಂಬ ಎರಡನೆಯ ಹೆಸರನ್ನೂ ಬರೆಯಿರಿ. ಚಿಕ್ಕ ಮಕ್ಕಳ ಹೆಸರನ್ನು ನೇರವಾಗಿ ಬರೆದರೆ ವಿಮಾ ಕಂಪನಿ ಅಪ್ರಾಪ್ತರ ಕೈಗೆ ಹಣ ಕೊಡುವುದಿಲ್ಲ. ಬಂಧುಗಳೆಲ್ಲ ಭಾರತದಲ್ಲಿರುವಾಗ ಅಮೆರಿಕದ ನ್ಯಾಯಾಲಯದಲ್ಲಿ ಪೋಷಕರನ್ನು ಗೊತ್ತುಪಡಿಸುವುದು ಸುಲಭದ ಕೆಲಸವಲ್ಲ. ಈ ವಿಷಯದಲ್ಲಿ ವಕೀಲರ ಸಲಹೆ ಪಡೆಯುವುದು ಒಳ್ಳೆಯದು.

ತಪ್ಪು ಕಲ್ಪನೆ 9: ಕಂಪನಿಯ ಜೀವವಿಮೆ ಇದೆ, ಅಷ್ಟು ಸಾಕು.

ವಾಸ್ತವ: ಕಂಪನಿ ಉಚಿತವಾಗಿ ಕೊಡುವುದು ಸಾಮಾನ್ಯವಾಗಿ ಒಂದೆರಡು ವರ್ಷದ ಸಂಬಳದಷ್ಟು. ಕೆಲಸ ಬಿಟ್ಟ ದಿನ ಅದೂ ಹೋಗುತ್ತದೆ. ಬಿಟ್ಟ ಮೇಲೆ ಸ್ವಂತ ಖರ್ಚಿನಲ್ಲಿ ಮುಂದುವರಿಸಲು ಅವಕಾಶವಿದ್ದರೂ ಗಡುವು ಕಡಿಮೆ, ದರ ಹೆಚ್ಚು. ಹೊಸದಾಗಿ ಸೇರಿದಾಗ ಆರೋಗ್ಯದ ಪ್ರಶ್ನೆ ಕೇಳದೆ ಕೊಡುವ ಹೆಚ್ಚುವರಿ ವಿಮೆಗೆ, ಬೇಡ ಎಂದು ಬಿಟ್ಟು ವರ್ಷಗಳ ನಂತರ ಅರ್ಜಿ ಹಾಕಿದರೆ ಆರೋಗ್ಯದ ದಾಖಲೆ ಕೇಳುತ್ತಾರೆ.

ಜೀವವಿಮೆಗಿಂತಲೂ ಹೆಚ್ಚು ಕಡೆಗಣಿಸುವುದು ದೀರ್ಘಾವಧಿ ಅಂಗವೈಕಲ್ಯ ವಿಮೆಯನ್ನು. ದುಡಿಯಲಾಗದಂತಾದರೆ ಸಾಮಾನ್ಯವಾಗಿ ಸಂಬಳದ 60%ರಷ್ಟು ಕೊಡುವ ವಿಮೆ ಇದು. ಕಂಪನಿಯೇ ಪ್ರೀಮಿಯಂ ಕಟ್ಟಿದ್ದರೆ ಬರುವ ಹಣಕ್ಕೆ ತೆರಿಗೆ ಇದೆ. ತೆರಿಗೆ ಕಟ್ಟಿದ ನಂತರದ ಸಂಬಳದಿಂದ ನೀವೇ ಕಟ್ಟಿದ್ದರೆ ಇಲ್ಲ. ಆಯ್ಕೆ ಕೊಟ್ಟಿದ್ದರೆ, ಒಬ್ಬರ ಸಂಬಳದ ಮೇಲೇ ನಡೆಯುವ ಮನೆಯವರು ಇದನ್ನು ನೋಡದೆ ಮುಂದಿನ ಪುಟಕ್ಕೆ ಹೋಗಬಾರದು.

ತಪ್ಪು ಕಲ್ಪನೆ 10: ಕೆಲಸ ಹೋದರೆ ವಿಮೆಯೂ ಮುಗಿಯಿತು, ಈಗ ಆರಿಸಿಕೊಂಡು ಏನು ಪ್ರಯೋಜನ?

ವಾಸ್ತವ: 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳಿಗೆ ಅನ್ವಯಿಸುವ ಕೋಬ್ರಾ ಕಾನೂನಿನಡಿ ಅದೇ ಪ್ಲಾನ್ ಅನ್ನು 18 ತಿಂಗಳವರೆಗೆ ಇಟ್ಟುಕೊಳ್ಳಬಹುದು. ಕಂಪನಿಯ ಪಾಲೂ ಸೇರಿ ಪೂರ್ತಿ ಪ್ರೀಮಿಯಂನ 102%ವರೆಗೆ ನೀವೇ ಕಟ್ಟಬೇಕು. ನಿರ್ಧರಿಸಲು 60 ದಿನ ಸಿಗುತ್ತದೆ, ಆರಿಸಿ ಹಣ ಕಟ್ಟಿದರೆ ವಿಮೆ ನಿಂತ ದಿನದಿಂದಲೇ ಮುಂದುವರಿಯುತ್ತದೆ. ಅಂದರೆ ನೀವು ಈಗ ಆರಿಸುವ ಪ್ಲಾನೇ ಕಷ್ಟದ ಕಾಲದಲ್ಲೂ ಜೊತೆಗೆ ಬರುವ ಪ್ಲಾನ್. ಎಚ್‌-1ಬಿ ವೀಸಾದವರಿಗೆ ಕೆಲಸ ಹೋದ ಮೇಲೆ ಸಿಗುವ ಕಾಲಾವಕಾಶವೂ 60 ದಿನದವರೆಗೆ. ಹೊಸ ಕೆಲಸ ಹುಡುಕುವ ಆ ದಿನಗಳಲ್ಲಿ ಮನೆಯಲ್ಲಿ ಗರ್ಭಿಣಿಯೋ ಚಿಕ್ಕ ಮಗುವೋ ಇದ್ದರೆ ಈ ಹಕ್ಕು ತಿಳಿದಿರುವುದು ದೊಡ್ಡ ಆಸರೆ.

ಹಾಗಾದರೆ ಮಾಡಬೇಕಾದದ್ದು ಏನು?

ಒಂದು ಸಂಜೆಯನ್ನು ಇದಕ್ಕೇ ಮೀಸಲಿಡಿ, ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಫಾರಂ ತುಂಬುವವರು ನೌಕರಿಯಲ್ಲಿರುವವರಾದರೂ, ಮಗುವಿನ ಅಲರ್ಜಿಗೆ ಯಾವ ಡಾಕ್ಟರು, ಕಳೆದ ವರ್ಷ ಎಷ್ಟು ಸಲ ಆಸ್ಪತ್ರೆಗೆ ಹೋದೆವು ಎಂಬುದು ಹೆಚ್ಚಾಗಿ ಗೊತ್ತಿರುವುದು ಮನೆ ನಡೆಸುವವರಿಗೆ. ಕಳೆದ ವರ್ಷದ ವೈದ್ಯಕೀಯ ಬಿಲ್‌ಗಳನ್ನು ತೆಗೆಯಿರಿ. ಮುಂದಿನ ವರ್ಷ ಹೆರಿಗೆ, ಆಪರೇಷನ್, ಮಗುವಿನ ಹಲ್ಲಿಗೆ ತಂತಿ ಹಾಕಿಸುವುದು ಏನಾದರೂ ಇದೆಯೇ ಎಂದು ಬರೆದುಕೊಳ್ಳಿ. ಎರಡು ಪ್ಲಾನ್‌ಗಳಿಗೆ ಒಳ್ಳೆಯ ವರ್ಷ, ಕೆಟ್ಟ ವರ್ಷದ ಲೆಕ್ಕ ಹಾಕಿ. ಮೂರೂ ನಾಮಿನಿ ಫಾರಂ ತೆರೆದು ಹೆಸರು ಓದಿ. ಮುಗಿದ ಮೇಲೆ ದೃಢೀಕರಣದ ಪ್ರತಿಯನ್ನು ಉಳಿಸಿ, ಜನವರಿಯ ಮೊದಲ ಸಂಬಳದ ಚೀಟಿಯಲ್ಲಿ ಕಡಿತಗಳು ಅದಕ್ಕೆ ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಅದೇ ವಾರ ಎಚ್‌ಆರ್‌ಗೆ ಬರೆಯಿರಿ.

ಈ ಸವಲತ್ತುಗಳು ಕಂಪನಿ ದಯೆಯಿಂದ ಕೊಟ್ಟ ಉಡುಗೊರೆಗಳಲ್ಲ, ನಿಮ್ಮ ದುಡಿಮೆಯ ಪ್ರತಿಫಲದ ಒಂದು ಭಾಗ. ಸಂಬಳದ ಪ್ರತಿ ಡಾಲರನ್ನು ಎಣಿಸುವಷ್ಟೇ ಶ್ರದ್ಧೆ ಇದಕ್ಕೂ ಸಲ್ಲಬೇಕು. ಗಡುವಿನ ಕೊನೆಯ ರಾತ್ರಿಯವರೆಗೆ ಕಾಯದೆ, ಇಮೇಲ್ ಬಂದ ವಾರವೇ ಕುಳಿತು ಮುಗಿಸಿ.